ಕಾಸು ಖರ್ಚಿಲ್ಲದ ಸಂಗೀತ ತಂತ್ರಾಂಶ: ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ವಚನಗಾಯನ ಸಿದ್ಧವಾದ ಬಗೆ

ಮನೆಯಲ್ಲೇ ಕುಳಿತು ಒಂದು ಹಾಡನ್ನು ಧ್ವನಿಮುದ್ರಿಸಿ, ಅದಕ್ಕೆ ತಂಬೂರಿ, ಲಯವಾದ್ಯ ಮತ್ತು ಹಿನ್ನೆಲೆಯ ನಾದಗಳನ್ನು ಸೇರಿಸಿ, ನಾಲ್ಕು ಜನರಿಗೆ ಕೇಳಿಸಬಹುದಾದ ರೂಪಕ್ಕೆ ತರಲು ಇಂದು ತಂತ್ರಾಂಶಕ್ಕೆಂದು ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಹಾಗಿದ್ದರೂ ಹೊಸದಾಗಿ ಈ ಕೆಲಸಕ್ಕೆ ಕೈಹಾಕುವ ಹುಡುಗ ಹುಡುಗಿಯರಲ್ಲಿ ಅನೇಕರು ಕದ್ದ ಪ್ರತಿಗಳ ಹಿಂದೆ ಬೀಳುವುದನ್ನು ನೋಡುತ್ತಿದ್ದೇನೆ. ಆಂಟಿವೈರಸ್ಸನ್ನು ನಿಲ್ಲಿಸಿದ ಮೇಲೆಯೇ ಓಡಿಸಬೇಕೆಂದು ಹೇಳುವ ಕಡತವನ್ನು ಮನೆಯ ಬ್ಯಾಂಕ್ ವ್ಯವಹಾರವೂ ನಡೆಯುವ ಕಂಪ್ಯೂಟರಿನಲ್ಲಿ ಓಡಿಸುವುದು ಎಂಥ ಅಪಾಯ ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ನನ್ನ ಅಕ್ಕನ ಮಗಳು ತಾನೇ ರಾಗ ಹಾಕಿದ ಒಂದು ವಚನವನ್ನು ಮುದ್ರಿಸಬೇಕೆಂದು ಬಯಸಿದಾಗ, ಆರಂಭದಿಂದ ಕೊನೆಯವರೆಗೆ ನ್ಯಾಯವಾಗಿ ಉಚಿತವಾಗಿರುವ ತಂತ್ರಾಂಶಗಳನ್ನೇ ಬಳಸಿ ಕೆಲಸ ಮುಗಿಸಿದೆವು. ಅದೇ ದಾರಿಯಲ್ಲಿ ಬರುವವರಿಗೆ ಅನುಕೂಲವಾಗಲೆಂದು ಮಾಡಿದ್ದನ್ನೆಲ್ಲ ಇಲ್ಲಿ ಕ್ರಮವಾಗಿ ದಾಖಲಿಸುತ್ತಿದ್ದೇನೆ.

ವಚನವನ್ನೇ ಆರಿಸಿಕೊಂಡದ್ದಕ್ಕೆ ಭಕ್ತಿಯ ಜೊತೆಗೆ ಕಾನೂನಿನ ಕಾರಣವೂ ಇತ್ತು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕವಿ ತೀರಿಕೊಂಡ ಮೇಲೂ 60 ವರ್ಷ ಅವನ ಕೃತಿಯ ಹಕ್ಕು ಉಳಿದಿರುತ್ತದೆ. 1994ರಲ್ಲಿ ನಿಧನರಾದ ಕುವೆಂಪು ಅವರ ಕವಿತೆಗೆ ರಾಗ ಹಾಕಿ ಪ್ರಕಟಿಸಬೇಕಾದರೆ 2054ರ ಕೊನೆಯವರೆಗೆ ಹಕ್ಕುದಾರರ ಅನುಮತಿ ಬೇಕು. 12ನೇ ಶತಮಾನದ ಬಸವಣ್ಣನವರ ವಚನಕ್ಕೆ ಅಂಥ ತೊಡಕಿಲ್ಲ, ರಾಗವೂ ಅವಳದೇ ಆಗಿತ್ತು. ತಂತ್ರಾಂಶದ ವಿಷಯದಲ್ಲಿ ನ್ಯಾಯವಾಗಿ ನಡೆದುಕೊಳ್ಳಬೇಕು ಎನ್ನುವವರು ಸಾಹಿತ್ಯದ ವಿಷಯದಲ್ಲಿಯೂ ಹಾಗೆಯೇ ನಡೆದುಕೊಳ್ಳಬೇಕು ಎಂಬುದು ನನ್ನ ನಿಲುವು.

ಉಚಿತಗಳಲ್ಲಿ ಯಾವ ಉಚಿತ

ಮೊದಲು ಮಾಡಿದ್ದು ಆಯ್ಕೆಯ ಕೆಲಸ. ಉಚಿತ ಎಂಬ ಒಂದೇ ಹಣೆಪಟ್ಟಿಯ ಕೆಳಗೆ ಬಗೆಬಗೆಯ ತಂತ್ರಾಂಶಗಳಿವೆ, ಅವುಗಳ ವ್ಯತ್ಯಾಸ ತಿಳಿಯದೆ ಕೆಲಸ ಆರಂಭಿಸಿದರೆ ಅರ್ಧದಾರಿಯಲ್ಲಿ ನಿಲ್ಲಬೇಕಾಗುತ್ತದೆ. ಎಫ್‌ಎಲ್ ಸ್ಟುಡಿಯೋ ಎಂಬ ಸಂಗೀತ ತಂತ್ರಾಂಶದ ಪ್ರಾಯೋಗಿಕ ಆವೃತ್ತಿ ಬಹುತೇಕ ಎಲ್ಲ ಸೌಲಭ್ಯಗಳನ್ನೂ ಕೊಡುತ್ತದೆ. ಆದರೆ ಉಳಿಸಿದ ಕೆಲಸವನ್ನು ಮರುದಿನ ತೆರೆಯಲು ಹೋದರೆ ಪರವಾನಗಿ ಕೇಳುತ್ತದೆ. ರೀಪರ್‌ಗೆ 60 ದಿನಗಳ ಪೂರ್ಣ ಪ್ರಯೋಗಾವಧಿ ಇದೆ, ಆಮೇಲೆ ವೈಯಕ್ತಿಕ ಬಳಕೆಯ ಪರವಾನಗಿಗೆ 60 ಡಾಲರ್ ಕೊಡಬೇಕು. ಅವಧಿ ಮುಗಿದ ಮೇಲೂ ಅದು ತೆರೆದುಕೊಳ್ಳುತ್ತದೆ ಎಂಬ ಕಾರಣಕ್ಕೆ ಅದನ್ನು ಉಚಿತವೆಂದು ಎಣಿಸುವುದು ಸರಿಯಲ್ಲ. ಪ್ರೋ ಟೂಲ್ಸ್ ಇಂಟ್ರೋ ನಿಜವಾಗಿಯೂ ಉಚಿತ, ಆದರೆ ಅದರಲ್ಲಿ ಧ್ವನಿಯ ಟ್ರ್ಯಾಕ್‌ಗಳು, ಎಂದರೆ ಒಂದೊಂದು ದನಿಗೂ ಮೀಸಲಾದ ಸಾಲುಗಳು, 8ಕ್ಕೆ ಸೀಮಿತ. ಟ್ರ್ಯಾಕ್ಷನ್ ಸಂಸ್ಥೆಯ ವೇವ್‌ಫಾರ್ಮ್ ಫ್ರೀಯಲ್ಲಿ ಟ್ರ್ಯಾಕ್‌ಗಳ ಮಿತಿಯಿಲ್ಲ. ವಿಂಡೋಸ್ ಬಿಡಲು ಮನಸ್ಸಿಲ್ಲದವರಿಗೆ ನಾನು ಸೂಚಿಸುವುದು ಅದನ್ನೇ. ಆ್ಯಪಲ್ ಕಂಪ್ಯೂಟರ್ ಇರುವವರು ಹುಡುಕಾಟವನ್ನೇ ನಡೆಸಬೇಕಾಗಿಲ್ಲ, ಗ್ಯಾರೇಜ್‌ಬ್ಯಾಂಡ್ ಅವರ ಕೈಯಲ್ಲೇ ಇದೆ. ಎಲ್‌ಎಂಎಂಎಸ್ ಮೂಲಸಂಕೇತ ಎಲ್ಲರಿಗೂ ತೆರೆದಿರುವ ಮುಕ್ತ ತಂತ್ರಾಂಶ, ತಾಳ ಮತ್ತು ಕೀಬೋರ್ಡ್ ಆಧಾರಿತ ಸಂಗೀತಕ್ಕೆ ಸೊಗಸಾಗಿದೆ. ಆದರೆ ಅದರ 1.2 ಸರಣಿಯ ಸ್ಥಿರ ಆವೃತ್ತಿಯಲ್ಲಿ ಮೈಕಿನಿಂದ ನೇರವಾಗಿ ಹಾಡು ಮುದ್ರಿಸುವ ಸೌಲಭ್ಯವಿಲ್ಲ. ಹಾಡುವವಳಿಗೆ ಮೊದಲು ಬೇಕಾದದ್ದೇ ಅದಾಗಿದ್ದುದರಿಂದ ಅದನ್ನು ಬಿಟ್ಟೆವು.

ಕಂಪನಿಗಳು ಉಚಿತವಾಗಿ ಕೊಟ್ಟದ್ದು ಎಷ್ಟು ಕಾಲ ನಿಲ್ಲುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೇಕ್‌ವಾಕ್‌ನ ಚರಿತ್ರೆ ಇದಕ್ಕೆ ಒಳ್ಳೆಯ ಉದಾಹರಣೆ. ದಶಕಗಳ ಕಾಲ ಬೆಲೆಗೆ ಮಾರಾಟವಾಗುತ್ತಿದ್ದ ಆ ತಂತ್ರಾಂಶದ ಅಭಿವೃದ್ಧಿಯನ್ನು ಗಿಬ್ಸನ್ ಸಂಸ್ಥೆ 2017ರಲ್ಲಿ ನಿಲ್ಲಿಸಿತು. 2018ರಲ್ಲಿ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಎಲ್ಲರಿಗೂ ಉಚಿತವಾಗಿ ಹಂಚಿತು, 2023ರಲ್ಲಿ ಅದರ ಸ್ಥಾನಕ್ಕೆ ಬೇರೊಂದು ಹೊಸ ಉತ್ಪನ್ನ ಬರುವುದೆಂದು ಪ್ರಕಟಿಸಿತು. ಇದರಲ್ಲಿ ಯಾರದೂ ತಪ್ಪಿದೆಯೆಂದು ನಾನು ಹೇಳುತ್ತಿಲ್ಲ, ಮಾಲೀಕರಿಗೆ ಆ ಅಧಿಕಾರ ಇದ್ದೇ ಇರುತ್ತದೆ. ಆದರೆ ಹದಿನೇಳರ ಹರೆಯದಲ್ಲಿ ಮುದ್ರಿಸಿದ ಹಾಡನ್ನು ಮೂವತ್ತರಲ್ಲಿ ಮತ್ತೆ ತೆರೆದು ತಿದ್ದಬೇಕೆಂದು ಆಸೆಪಡುವವರು, ತಮ್ಮ ಕೆಲಸ ಯಾವ ರೂಪದಲ್ಲಿ ಉಳಿಯುತ್ತದೆ ಎಂದು ಮೊದಲೇ ಕೇಳಿಕೊಳ್ಳಬೇಕು.

ಈ ಒಂದು ಪ್ರಶ್ನೆಯೇ ನಮ್ಮನ್ನು ಆರ್ಡೋರ್ ಕಡೆಗೆ ತಂದಿತು. ಪಾಲ್ ಡೇವಿಸ್ ಆರಂಭಿಸಿದ, ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಹೊರಬರುವ ಧ್ವನಿಮುದ್ರಣ ತಂತ್ರಾಂಶ ಅದು. ಅದರಲ್ಲಿ ಒಂದು ಕೆಲಸವನ್ನು ಉಳಿಸಿದಾಗ ಅದು ಕಡತಕೋಶವೊಂದರಲ್ಲಿ ಕೂರುತ್ತದೆ. ಹಾಡಿದ ಧ್ವನಿಯೆಲ್ಲ ಒಳಗಿನ ಇಂಟರ್‌ಚೇಂಜ್ ಎಂಬ ಕೋಶದಲ್ಲಿ ಸಾಮಾನ್ಯ ವೇವ್ ಕಡತಗಳಾಗಿ ಇರುತ್ತದೆ, ಯಾವ ತುಣುಕು ಎಲ್ಲಿ ಎಷ್ಟು ಜೋರಾಗಿ ಕೇಳಬೇಕೆಂಬ ವಿವರ ಸಾಮಾನ್ಯ ಪಠ್ಯಸಂಪಾದಕದಲ್ಲಿ ತೆರೆದು ಓದಬಹುದಾದ ಎಕ್ಸ್‌ಎಂಎಲ್ ಕಡತದಲ್ಲಿರುತ್ತದೆ. ನಾಳೆ ಆರ್ಡೋರ್ ಎಂಬುದೇ ಇಲ್ಲದಿದ್ದರೂ ಅವಳ ಹಾಡು ಅವಳ ಬಳಿ ಇರುತ್ತದೆ. ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಬೇಕು. ಆರ್ಡೋರ್‌ನ ತಾಣದಲ್ಲಿ ಸಿದ್ಧಪಡಿಸಿ ಇಟ್ಟಿರುವ ಪ್ರತಿಗೆ ಅವರು ಹಣ ಕೇಳುತ್ತಾರೆ, ಅಲ್ಲಿಯ ಉಚಿತ ಮಾದರಿ ಪ್ರತಿ 10 ನಿಮಿಷಗಳ ನಂತರ ಮೌನವಾಗುತ್ತದೆ. ವಿಂಡೋಸ್‌ನ ಬದಲಿಗೆ ಬಳಸಬಹುದಾದ ಲಿನಕ್ಸಿನ ವಿತರಣೆಗಳು (ಉಬುಂಟು ಅಂಥದ್ದೊಂದು) ಅದೇ ಮೂಲಸಂಕೇತದಿಂದ ತಾವೇ ಕಟ್ಟಿಕೊಡುವ ಪ್ರತಿಗೆ ಇಂಥ ಯಾವ ಕಟ್ಟುಪಾಡೂ ಇಲ್ಲ, ಪರವಾನಗಿಯೇ ಅದಕ್ಕೆ ಅವಕಾಶ ಕೊಟ್ಟಿದೆ. ದುಡಿಮೆ ಆರಂಭಿಸಿದ ಮೇಲೆ ಅವಳು ಆ ಯೋಜನೆಗೆ ಕೈಲಾದಷ್ಟು ಕೊಡಲಿ ಎಂದು ನಾನು ಹಾರೈಸುತ್ತೇನೆ.

ಯಂತ್ರವನ್ನು ಅಣಿಗೊಳಿಸಿದ್ದು

ಮನೆಯಲ್ಲಿದ್ದದ್ದು ಐದನೇ ಪೀಳಿಗೆಯ ಇಂಟೆಲ್ ಐ5 ಪ್ರೊಸೆಸರಿನ, 8 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್. ಅದರಲ್ಲಿದ್ದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು, ವಿಂಡೋಸ್ 11 ಅಧಿಕೃತವಾಗಿ ಎಂಟನೇ ಪೀಳಿಗೆಗಿಂತ ಹಳೆಯ ಬಹುತೇಕ ಇಂಟೆಲ್ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಹೀಗೆ ಮೂಲೆಗೆ ಸೇರಲಿದ್ದ ಯಂತ್ರಕ್ಕೆ ಉಬುಂಟು ಸ್ಟುಡಿಯೋ 24.04 ಹಾಕಿದೆವು. ಉಬುಂಟುವಿನದೇ ಅಧಿಕೃತ ರೂಪಾಂತರವಾದ ಇದರಲ್ಲಿ ಆರ್ಡೋರ್‌ನ 8ನೇ ಆವೃತ್ತಿ, ಹೈಡ್ರೋಜನ್ ಎಂಬ ತಾಳಯಂತ್ರ, ಧ್ವನಿಕಡತಗಳನ್ನು ಕತ್ತರಿಸಿ ತಿದ್ದುವ ಆಡಾಸಿಟಿ ಮತ್ತು ಮುಂದೆ ಬಳಸಿದ ಪ್ಲಗಿನ್‌ಗಳಲ್ಲಿ (ಆರ್ಡೋರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳಲ್ಲಿ) ಬಹುಪಾಲು ಒಟ್ಟಿಗೇ ಬರುತ್ತವೆ. ಒಂದೊಂದನ್ನೂ ಹುಡುಕಿ ಹಾಕುವ ಶ್ರಮ ಹೊಸಬರಿಗೆ ತಪ್ಪುತ್ತದೆ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಸಣ್ಣ ಎಸ್‌ಎಸ್‌ಡಿ ಒಂದನ್ನು ಕೂರಿಸಿದೆವು. ಹಾಡುವಾಗ ಡಿಸ್ಕಿನ ಗುಂಯ್‌ಗುಟ್ಟುವಿಕೆ ಮೈಕಿಗೆ ಬೀಳದಿರುವುದಕ್ಕಾಗಿಯೇ ಈ ಬದಲಾವಣೆ ಮಾಡಬೇಕು ಎಂದು ನಾನು ಹೇಳುತ್ತೇನೆ, ವೇಗ ಅದರ ಮೇಲಿನ ಲಾಭ.

ಮೈಕ್ ಮತ್ತು ಲ್ಯಾಪ್‌ಟಾಪಿನ ನಡುವೆ, ಮೈಕಿನ ದನಿಯನ್ನು ಅಂಕಿಗಳಾಗಿಸಿ ಕಂಪ್ಯೂಟರಿಗೆ ಕೊಡುವ ಸೆಕೆಂಡ್‌ಹ್ಯಾಂಡ್ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಒಂದನ್ನು ಇಟ್ಟೆವು. ಬೇರೆ ಡ್ರೈವರ್ ಕೇಳದೆ ಯುಎಸ್‌ಬಿಯ ಸಾಮಾನ್ಯ ನಿಯಮದಲ್ಲಿಯೇ ಕೆಲಸ ಮಾಡುವ ಮಾದರಿಯನ್ನೇ ನೋಡಿ ಕೊಳ್ಳಬೇಕು, ಅಂಥದ್ದು ಲಿನಕ್ಸಿನಲ್ಲಿ ಚುಚ್ಚಿದ ಕೂಡಲೇ ಕಾಣಿಸಿಕೊಳ್ಳುತ್ತದೆ. ತಂತ್ರಾಂಶದಲ್ಲಿ ಉಳಿದ ಹಣ ಈ ಇಂಟರ್‌ಫೇಸಿಗೆ, ಒಂದು ಡೈನಮಿಕ್ ಮೈಕಿಗೆ ಮತ್ತು ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನಿಗೆ ಹೋಯಿತು.

ಚಟಪಟ ಸದ್ದಿನ ಮೂಲ ಹುಡುಕಿದ್ದು

ಮೊದಲ ಪ್ರಯೋಗದಲ್ಲಿಯೇ ಧ್ವನಿಯ ನಡುನಡುವೆ ಚಟಪಟ ಸದ್ದು ಕೇಳಿತು. ಹೊಸಬರು ಇದನ್ನು ಮೈಕಿನ ದೋಷವೆಂದು ಭಾವಿಸಿ ಬೇರೆ ಮೈಕಿಗೆ ದುಡ್ಡು ಸುರಿಯುವುದುಂಟು. ಹೀಗಾಗಿ ಕಾರಣವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕಂಪ್ಯೂಟರು ಧ್ವನಿಯನ್ನು ಒಂದೊಂದೇ ಮಾದರಿಯಾಗಿ (ಕ್ಷಣಕ್ಷಣದ ಅಳತೆಯಾಗಿ) ಅಲ್ಲ, ಬಫರ್ ಎಂಬ ಕಂತುಗಳಲ್ಲಿ ಸ್ವೀಕರಿಸುತ್ತದೆ. ಸೆಕೆಂಡಿಗೆ 48,000 ಮಾದರಿಗಳ ವೇಗದಲ್ಲಿ 128 ಮಾದರಿಗಳ ಬಫರ್ ಎಂದರೆ 2.67 ಮಿಲಿಸೆಕೆಂಡು, 1,024ರ ಬಫರ್ ಎಂದರೆ 21.3 ಮಿಲಿಸೆಕೆಂಡು. ಒಂದು ಕಂತು ಮುಗಿಯುವುದರೊಳಗೆ ಪ್ರೊಸೆಸರ್ ಮುಂದಿನದನ್ನು ಒದಗಿಸದಿದ್ದರೆ ಅಲ್ಲೊಂದು ಕಂದಕ ಬೀಳುತ್ತದೆ. ಅದೇ ಎಕ್ಸ್‌ರನ್, ಕಿವಿಗೆ ಕೇಳುವುದು ಚಟ್ ಎಂಬ ಸದ್ದು. ಬಫರನ್ನು ದೊಡ್ಡದು ಮಾಡಿದರೆ ಸದ್ದು ನಿಲ್ಲುತ್ತದೆ, ಆದರೆ ಹಾಡುವವಳ ದನಿ ಅವಳ ಹೆಡ್‌ಫೋನಿಗೆ ತಡವಾಗಿ ತಲುಪಿ ಲಯ ಕೆಡುತ್ತದೆ. ಆರ್ಡೋರ್ ಎಕ್ಸ್‌ರನ್‌ಗಳನ್ನು ಎಣಿಸಿ ತೋರಿಸುತ್ತದೆಯಾದ್ದರಿಂದ ಮೂಲವನ್ನು ಹುಡುಕುವುದು ಊಹೆಯ ಕೆಲಸವಲ್ಲ. ಬಫರನ್ನು 128ಕ್ಕೆ ಇಟ್ಟು, ಸುಮ್ಮನೆ ಹತ್ತು ನಿಮಿಷ ಖಾಲಿ ಕೋಣೆಯನ್ನು ಮುದ್ರಿಸುತ್ತ, ಪ್ರತಿ ಸಲವೂ ಒಂದೇ ಒಂದು ಬದಲಾವಣೆ ಮಾಡಿ ಎಣಿಕೆಯನ್ನು ನೋಡಿದೆ. ಇಂಟರ್‌ಫೇಸನ್ನು ಯುಎಸ್‌ಬಿ ಹಬ್ಬಿನಿಂದ ಬಿಡಿಸಿ ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚಿದಾಗ ಎಣಿಕೆ ಗಣನೀಯವಾಗಿ ಇಳಿಯಿತು, ಆದರೆ ಸೊನ್ನೆಯಾಗಲಿಲ್ಲ. ವೈಫೈ ನಿಲ್ಲಿಸಿದ್ದರಿಂದ ಇನ್ನಷ್ಟು ಇಳಿಯಿತು. ವಿದ್ಯುತ್ ಉಳಿಸಲೆಂದು ಪ್ರೊಸೆಸರ್ ತನ್ನ ವೇಗವನ್ನು ಕ್ಷಣಕ್ಷಣಕ್ಕೂ ಇಳಿಸಿ ಏರಿಸುವುದನ್ನು ನಿಲ್ಲಿಸಿ, ಪರ್ಫಾರ್ಮೆನ್ಸ್ ಎಂಬ ಆಯ್ಕೆಗೆ ಬದಲಾಯಿಸಿದ ಮೇಲೆ ಸದ್ದು ಪೂರ್ತಿ ನಿಂತಿತು. ಚಾರ್ಜರ್ ಚುಚ್ಚಿಯೇ ಕೆಲಸ ಮಾಡಬೇಕೆಂಬುದು ಇದರಿಂದ ತಾನಾಗಿ ತಿಳಿಯುತ್ತದೆ. ಬಳಕೆದಾರರ ಖಾತೆ ಆಡಿಯೋ ಗುಂಪಿನಲ್ಲಿ ಇದೆಯೇ ಎಂಬುದನ್ನೂ ನೋಡಿಕೊಳ್ಳಬೇಕು, ಧ್ವನಿಯ ಕೆಲಸಕ್ಕೆ ಉಳಿದೆಲ್ಲ ಕೆಲಸಗಳಿಗಿಂತ ಮೊದಲ ಆದ್ಯತೆ ಸಿಗುವುದು ಆ ಗುಂಪಿನ ಸದಸ್ಯತ್ವದಿಂದ.

ಇನ್ನೊಂದು ಹೊಂದಾಣಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಆರ್ಡೋರ್ ತೆರೆದಾಗ ಧ್ವನಿವ್ಯವಸ್ಥೆಯಾಗಿ ಆಲ್ಸಾ ಬೇಕೇ, ಜ್ಯಾಕ್ ಬೇಕೇ ಎಂದು ಕೇಳುತ್ತದೆ. ಆಲ್ಸಾ ಆರಿಸಿದರೆ ಇಂಟರ್‌ಫೇಸ್ ಪೂರ್ತಿ ಆರ್ಡೋರ್‌ನ ವಶವಾಗಿ ಬೇರೆ ತಂತ್ರಾಂಶಗಳಿಗೆ ಅದು ಸಿಗುವುದಿಲ್ಲ. ಜ್ಯಾಕ್ ಆರಿಸಿದರೆ ಪೈಪ್‌ವೈರ್ ಎಂಬ ಧ್ವನಿ ಹಂಚುವ ವ್ಯವಸ್ಥೆ ಮಧ್ಯಸ್ಥಿಕೆ ವಹಿಸಿ ಎಲ್ಲರಿಗೂ ಹಂಚುತ್ತದೆ. ಹೈಡ್ರೋಜನ್ ಕೂಡ ತೆರೆದಿರಬೇಕಾಗಿದ್ದ ಕಾರಣ ನಮಗೆ ಎರಡನೆಯದೇ ಸರಿಯಾಯಿತು.

ತಂಬೂರಿ ಮತ್ತು ಅಂತರ ಗಾಂಧಾರ

ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಉಚಿತ ತಂತ್ರಾಂಶವೆಂದರೆ ದುಬಾರಿ ತಂತ್ರಾಂಶದ ಬಡ ನೆಂಟ ಎಂದು ತಿಳಿದವರು ಇದನ್ನು ಗಮನಿಸಿ ಓದಬೇಕೆಂದು ಕೋರುತ್ತೇನೆ.

ಹುಡುಗಿಯ ಶ್ರುತಿ ಬಿಳಿ ಐದು, ಅಂದರೆ ಅವಳ ಮಧ್ಯಸ್ಥಾಯಿಯ ಷಡ್ಜ 196 ಹರ್ಟ್ಸ್. ರಾಗ ಮೋಹನ, ಅದರಲ್ಲಿ ಬರುವುದು ಅಂತರ ಗಾಂಧಾರ. ಹಿನ್ನೆಲೆಗೆ ತಂಬೂರಿಯ ಜೊತೆಗೆ ಷಡ್ಜ, ಗಾಂಧಾರ, ಪಂಚಮಗಳ ತೆಳುವಾದ ಹಾಸು ಒಂದು ಬೇಕೆಂದು ಅವಳು ಬಯಸಿದ್ದಳು. ಈ ನಾದಗಳಿಗಾಗಿ ಸರ್ಜ್ ಎಕ್ಸ್‌ಟಿ ಎಂಬ ಸಿಂಥಸೈಜರನ್ನು, ಎಂದರೆ ಕಂಪ್ಯೂಟರಿನಲ್ಲೇ ನಾದ ಹುಟ್ಟಿಸುವ ತಂತ್ರಾಂಶವನ್ನು, ಅದರ ತಾಣದಿಂದ ತಂದು ಹಾಕಿದೆವು. ಮೊದಲು ಮಾರಾಟದ ಸರಕಾಗಿದ್ದ ಸರ್ಜ್ ಅನ್ನು ಅದರ ಕರ್ತೃ 2018ರಲ್ಲಿ ಮುಕ್ತಗೊಳಿಸಿದರು. ಅಲ್ಲಿಂದೀಚೆಗೆ ಸ್ವಯಂಸೇವಕರ ತಂಡವೊಂದು ಅದನ್ನು ಬೆಳೆಸುತ್ತಿದೆ.

ಹಾಸನ್ನು ಜೋಡಿಸಿ ಹಾಡಿಸಿದಾಗ, ಅವಳು ಗಾಂಧಾರದ ಮೇಲೆ ನಿಂತ ಕಡೆಯಲ್ಲೆಲ್ಲ ಏನೋ ನಡುಗಿದಂತೆ ಕೇಳುತ್ತಿತ್ತು. "ಮಾಮ, ನಾನು ಸರಿಯಾಗೇ ಹಿಡಿದಿದ್ದೀನಿ, ಅದೇ ಮೇಲಿದೆ" ಎಂದು ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಕೀಬೋರ್ಡಿನ ಸಮವಿಭಜಿತ ಶ್ರುತಿಯಲ್ಲಿ, ಎಂದರೆ ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿದ ಕ್ರಮದಲ್ಲಿ, 196 ಹರ್ಟ್ಸ್ ಷಡ್ಜಕ್ಕೆ ಗಾಂಧಾರ 246.94 ಹರ್ಟ್ಸ್‌ನಲ್ಲಿ ಬರುತ್ತದೆ. ತಂಬೂರಿಯ ಜೊತೆ ಕಲಿತ ಕಂಠ ಹಿಡಿಯುವುದು ಷಡ್ಜದ ಐದು ನಾಲ್ಕನೇ (5/4) ಪಾಲನ್ನು, ಎಂದರೆ 245 ಹರ್ಟ್ಸನ್ನು. ವ್ಯತ್ಯಾಸ ಎರಡು ಹರ್ಟ್ಸ್‌ಗೂ ಕಡಿಮೆಯಾದರೂ ಅನುಸ್ವರಗಳಲ್ಲಿ (ಸ್ವರದ ಜೊತೆಗೇ ಮೊಳಗುವ, ಅದರ ಎರಡು, ಮೂರು, ನಾಲ್ಕು ಪಟ್ಟು ಆವರ್ತನದ ನಾದಗಳಲ್ಲಿ) ಅದು ಹಿಗ್ಗುತ್ತದೆ. ಷಡ್ಜದ ಐದನೇ ಅನುಸ್ವರ 980 ಹರ್ಟ್ಸ್, ಕೀಬೋರ್ಡಿನ ಗಾಂಧಾರದ ನಾಲ್ಕನೇ ಅನುಸ್ವರ ಸುಮಾರು 987.8 ಹರ್ಟ್ಸ್; ಇವೆರಡೂ ಒಟ್ಟಿಗೆ ಮೊಳಗಿದಾಗ ಸೆಕೆಂಡಿಗೆ ಸುಮಾರು ಎಂಟು ಸಲ ನಾದ ಏರಿಳಿಯುತ್ತದೆ. ನಮಗೆ ಕೇಳಿಸಿದ ನಡುಕ ಅದೇ. ಪಂಚಮದಲ್ಲಿ ವ್ಯತ್ಯಾಸ 294 ಮತ್ತು 293.66ರ ನಡುವಿನಷ್ಟೇ ಇರುವುದರಿಂದ ಅಲ್ಲಿ ಯಾರಿಗೂ ತೊಂದರೆ ಅನ್ನಿಸಿರಲಿಲ್ಲ.

ಪರಿಹಾರ ಸರ್ಜ್‌ನ ಒಳಗೇ ಇತ್ತು. ಅದು ಸ್ಕಾಲಾ ಎಂಬ ಸರಳ ಪಠ್ಯರೂಪದ ಶ್ರುತಿಕಡತಗಳನ್ನು ಓದುತ್ತದೆ. ನೋಟ್‌ಪ್ಯಾಡಿನಂಥ ಸಂಪಾದಕದಲ್ಲಿ ಮೊದಲ ಸಾಲಿಗೆ ಹೆಸರು, ಎರಡನೆಯ ಸಾಲಿಗೆ ಸ್ವರಸ್ಥಾನಗಳ ಸಂಖ್ಯೆಯಾಗಿ 12, ಆಮೇಲೆ ಸಾಲಿಗೊಂದರಂತೆ 16/15, 9/8, 6/5, 5/4, 4/3, 45/32, 3/2, 8/5, 5/3, 9/5, 15/8 ಮತ್ತು ಕೊನೆಗೆ ತಾರಷಡ್ಜಕ್ಕಾಗಿ 2/1 ಎಂದು ಬರೆದು ಉಳಿಸಿದೆವು. ಕಡತದೊಳಗಿನ ಅಂಕಿಗಳು ಇಂಗ್ಲಿಷ್ ಅಂಕಿಗಳೇ ಆಗಿರಬೇಕು. ಷಡ್ಜ ಎಲ್ಲಿ ಕೂರಬೇಕೆಂದು ಹೇಳುವುದಕ್ಕೆ ಕೀಬೋರ್ಡ್ ನಕ್ಷೆಯ ಇನ್ನೊಂದು ಪುಟ್ಟ ಕಡತ ಬೇಕು. ಅದರಲ್ಲಿ ಮಧ್ಯದ ಸ್ವರ ಮತ್ತು ಆಧಾರ ಸ್ವರ ಎರಡಕ್ಕೂ ಮಿಡಿ ಸಂಖ್ಯೆ (ಕೀಬೋರ್ಡಿನ ಪ್ರತಿ ಸ್ವರಕ್ಕೂ ಇರುವ ಕ್ರಮಾಂಕ) 55 ಎಂದೂ, ಅದರ ಆವರ್ತನ 196 ಎಂದೂ ಕೊಟ್ಟೆವು. ಎರಡನ್ನೂ ಸರ್ಜ್‌ನ ಶ್ರುತಿ ಪಟ್ಟಿಯಿಂದ ತೆರೆದ ಕೂಡಲೇ ನಡುಕ ಮಾಯವಾಗಿ, ಹಾಸಿನ ಗಾಂಧಾರ ಅವಳ ಗಾಂಧಾರದೊಳಗೆ ಕರಗಿತು. ಸಾವಿರಾರು ರೂಪಾಯಿಯ ಕೀಬೋರ್ಡುಗಳಲ್ಲಿಯೂ ಎಲ್ಲ ಕಡೆ ಸಿಗದ ಈ ಸ್ವಾತಂತ್ರ್ಯವನ್ನು ನಮ್ಮ ಸಂಗೀತದ ವಿದ್ಯಾರ್ಥಿಗಳು ಅಗತ್ಯವಾಗಿ ಬಳಸಿಕೊಳ್ಳಬೇಕು. ಮೋಹನದಲ್ಲಿ ಧೈವತಕ್ಕೆ 5/3 ಬದಲು 27/16 ಇಡುವವರೂ ಇದ್ದಾರೆ, ಅದನ್ನು ಅವರವರ ಪಾಠಾಂತರಕ್ಕೆ ತಕ್ಕಂತೆ ತಿದ್ದಿಕೊಳ್ಳಬಹುದು.

ತಂಬೂರಿಯನ್ನು ಸರ್ಜ್‌ನ ತಂತಿವಾದ್ಯ ಆಸಿಲೇಟರಿನಿಂದ, ಎಂದರೆ ತಂತಿಯ ನಾದ ಹುಟ್ಟಿಸುವ ಭಾಗದಿಂದ, ಕಟ್ಟಿದೆವು. ಅದರಲ್ಲಿ ಎರಡು ತಂತಿಗಳ ಮಿಡಿತ ಒಟ್ಟಿಗಿರುತ್ತದೆ. ಎರಡನೆಯದನ್ನು ಕೂದಲೆಳೆಯಷ್ಟು ಸರಿಸಿ, ಎರಡೂ ನಿಧಾನವಾಗಿ ಆರುವಂತೆ ಮಾಡಿದಾಗ ನಾದಕ್ಕೆ ಜೀವ ಬಂತು. ಸ್ವರಗಳು ಕ್ರಮವಾಗಿ ಮಂದ್ರ ಪಂಚಮ 147 ಹರ್ಟ್ಸ್, ಷಡ್ಜ 196 ಎರಡು ಸಲ, ಆಮೇಲೆ ಮಂದ್ರ ಷಡ್ಜ 98. ಸೇತುವೆಯ ಮೇಲೆ ದಾರವಿಟ್ಟು ಹೊರಡಿಸುವ ಜೀವಾಳಿಯ ಝೇಂಕಾರ ಇದರಲ್ಲಿಲ್ಲ, ಇದು ನಿಜ ತಂಬೂರಿಗೆ ಸಮವೂ ಅಲ್ಲ. ಮನೆಯಲ್ಲಿ ತಂಬೂರಿ ಇರುವವರು ನಾಲ್ಕು ತಂತಿಗಳನ್ನೂ ಮೈಕಿನ ಮುಂದೆ ಮೀಟಿ ಮುದ್ರಿಸಿಕೊಳ್ಳುವುದೇ ಮೇಲು. ಯಾವುದನ್ನು ಬಳಸಿದರೂ ಮೀಟುವ ಕಾಲ ತಾಳಕ್ಕೆ ಅಂಟಿಕೊಳ್ಳದಂತೆ ಎಚ್ಚರ ವಹಿಸಬೇಕು. ನಮ್ಮ ತಾಳದ ಒಂದು ಆವರ್ತ (ಒಂದು ಸುತ್ತು) 3 ಸೆಕೆಂಡಿನದಾಗಿದ್ದರಿಂದ ತಂಬೂರಿಯ ಸುತ್ತನ್ನು 4.7 ಸೆಕೆಂಡಿಗೆ ಇಟ್ಟೆವು. ಎರಡೂ ಕೂಡಿ ಬಂದಿದ್ದರೆ ತಂಬೂರಿ ತಾಳ ಹೇಳತೊಡಗುತ್ತಿತ್ತು.

ಮಿಶ್ರಛಾಪು

ಹೈಡ್ರೋಜನ್‌ನಲ್ಲಿ ಬರುವ ವಾದ್ಯಗಳೆಲ್ಲ ಪಾಶ್ಚಾತ್ಯ ಡ್ರಮ್ಮುಗಳು. ವಚನಕ್ಕೆ ಅವು ಹೊಂದುವುದಿಲ್ಲ ಎಂಬುದರಲ್ಲಿ ನಮ್ಮಿಬ್ಬರಿಗೂ ಅನುಮಾನ ಇರಲಿಲ್ಲ. ನೆರೆಯ ಮೃದಂಗ ವಿದ್ಯಾರ್ಥಿಯೊಬ್ಬನನ್ನು ಕೂರಿಸಿ ತ, ಧೀಂ, ನಂ, ತೊಂ ಎಂಬ ಸೊಲ್ಲುಗಳನ್ನು ಮೆಲ್ಲಗೆ, ಮಧ್ಯಮವಾಗಿ, ಬಿರುಸಾಗಿ ಹೀಗೆ ಬೇರೆ ಬೇರೆ ಒತ್ತಿನಲ್ಲಿ ನುಡಿಸಲು ಹೇಳಿ ಮುದ್ರಿಸಿಕೊಂಡೆವು. ಆಡಾಸಿಟಿಯಲ್ಲಿ ಒಂದೊಂದನ್ನೂ ಪೆಟ್ಟಿನ ಮೊದಲ ಅಲೆಯಿಂದಲೇ ಆರಂಭವಾಗುವಂತೆ ಕತ್ತರಿಸಬೇಕು. ಮುಂದೆ ಎಳ್ಳಷ್ಟು ಮೌನ ಉಳಿದರೂ ತಾಳ ಹಿಂದೆ ಬಿದ್ದಂತೆ ಕೇಳುತ್ತದೆ. ಹೈಡ್ರೋಜನ್‌ನ ಪ್ರತಿ ವಾದ್ಯಕ್ಕೂ ಪದರಗಳ ವ್ಯವಸ್ಥೆ ಇರುವುದರಿಂದ, ಮೆಲುಪೆಟ್ಟಿಗೆ ಮೆಲ್ಲಗೆ ನುಡಿಸಿದ ಕಡತ, ಬಿರುಪೆಟ್ಟಿಗೆ ಬಿರುಸಾಗಿ ನುಡಿಸಿದ ಕಡತ ತಾನಾಗಿ ಮೊಳಗುವಂತೆ ಜೋಡಿಸಬಹುದು. ಒಂದೇ ಕಡತದ ದನಿಯನ್ನು ಏರಿಸಿ ಇಳಿಸಿದರೆ ಈ ಪರಿಣಾಮ ಬರುವುದಿಲ್ಲ, ಏಕೆಂದರೆ ಮೃದಂಗದಲ್ಲಿ ಒತ್ತು ಬದಲಾದಾಗ ನಾದದ ಬಣ್ಣವೂ ಬದಲಾಗುತ್ತದೆ.

ಮುದ್ರಿಸುವ ಮೊದಲೇ ಮೃದಂಗದ ಬಲಮುಖವನ್ನು ಬಿಳಿ ಐದಕ್ಕೆ ಶ್ರುತಿ ಮಾಡಿಸಿದ್ದೆವು. ಆಮೇಲೆ ಕಂಪ್ಯೂಟರಿನಲ್ಲಿ ಶ್ರುತಿ ಬದಲಾಯಿಸಿಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಹೈಡ್ರೋಜನ್‌ನಲ್ಲಿ ಶ್ರುತಿ ಏರಿಸಿದರೆ ಕಡತ ವೇಗವಾಗಿ ಓಡಿ ಧೀಂಕಾರದ ಬಾಲ ಮೊಟಕಾಗುತ್ತದೆ, ನಾದ ಆಟಿಕೆಯದರಂತೆ ಆಗುತ್ತದೆ.

ತಾಳ ಏಳು ಅಕ್ಷರಗಳ ಮಿಶ್ರಛಾಪು. ನಮೂನೆಯ ಉದ್ದವನ್ನು 7/8 ಎಂದು ಇಟ್ಟು, ತಕಿಟ ತಕ ಧಿಮಿ ಎಂಬ 3, 2, 2ರ ಹಂಚಿಕೆಯಲ್ಲಿ ಪೆಟ್ಟುಗಳನ್ನು ಕೂರಿಸಿದೆವು. ವೇಗ ನಿಮಿಷಕ್ಕೆ 140 ಅಕ್ಷರ. ಆರ್ಡೋರ್‌ನಲ್ಲಿಯೂ ಅದೇ 7/8, ಅದೇ ವೇಗ. ಎರಡು ತಂತ್ರಾಂಶಗಳನ್ನೂ ಒಟ್ಟಿಗೆ ಓಡಿಸುವ ವ್ಯವಸ್ಥೆ ಇದೆಯಾದರೂ, ಆವರ್ತಗಳ ಜೋಡಣೆ ಒಮ್ಮೆ ತೀರ್ಮಾನವಾದ ಮೇಲೆ ಹೈಡ್ರೋಜನ್‌ನಿಂದ ಪ್ರತಿ ಸೊಲ್ಲನ್ನೂ ಬೇರೆ ಬೇರೆ ವೇವ್ ಕಡತವಾಗಿ ಹೊರತೆಗೆದು ಆರ್ಡೋರ್‌ಗೆ ತಂದುಕೊಳ್ಳುವುದು ಹಳೆಯ ಯಂತ್ರಕ್ಕೆ ಹಗುರ.

ಹಾಡನ್ನು ಮುದ್ರಿಸಿದ್ದು

ಇದಕ್ಕೆ ಆರಿಸಿದ್ದು ಬಟ್ಟೆ ತುಂಬಿದ ಕಪಾಟು ಇರುವ ಸಣ್ಣ ಕೋಣೆಯನ್ನು. ಅವಳ ಬೆನ್ನ ಹಿಂದೆ ಹಗ್ಗ ಕಟ್ಟಿ ಎರಡು ಕೌದಿಗಳನ್ನು ತೂಗುಹಾಕಿದೆವು. ಮೈಕ್ ಕೇಳಿಸಿಕೊಳ್ಳುವುದು ಹಾಡುವವಳ ಎದುರಿನ ಗೋಡೆಗಿಂತ ಹೆಚ್ಚಾಗಿ ಅವಳ ಹಿಂದಿನ ಗೋಡೆಯ ಮಾರ್ದನಿಯನ್ನು. ಫ್ಯಾನ್ ಆರಿಸಿ, ಮೈಕನ್ನು ಬಾಯಿಂದ ಗೇಣಿಗಿಂತ ಕಡಿಮೆ ದೂರದಲ್ಲಿ, ನೇರವಾಗಿ ಅಲ್ಲದೆ ತುಸು ಓರೆಯಾಗಿ ಇಟ್ಟೆವು. ಹೀಗೆ ಓರೆ ಮಾಡಿದರೆ ಪ, ಭ ಮೊದಲಾದ ಅಕ್ಷರಗಳ ಗಾಳಿ ಮೈಕಿನ ಪಕ್ಕಕ್ಕೆ ಸರಿದು ಹೋಗುತ್ತದೆ.

ದನಿಯ ಮಟ್ಟ ಅತಿ ಜೋರಾದ ಕಡೆಯಲ್ಲಿಯೂ ಮೈನಸ್ 10 ಡೆಸಿಬೆಲ್ (ಸೊನ್ನೆಯೇ ಗರಿಷ್ಠ ಮಿತಿ) ಮೀರದಂತೆ ಇಟ್ಟೆವು. ಮೀಟರ್ ಕೆಂಪಿನ ಹತ್ತಿರ ಇದ್ದರೆ ಒಳ್ಳೆಯದೆಂಬ ನಂಬಿಕೆ ಟೇಪಿನ ಕಾಲದ್ದು. 24 ಬಿಟ್ ಮುದ್ರಣದಲ್ಲಿ ಸದ್ದು ತಗ್ಗಿದ್ದರೆ ಆಮೇಲೆ ಏರಿಸಬಹುದು, ಒಡೆದ ದನಿಯನ್ನು ಮಾತ್ರ ಯಾವ ಪ್ಲಗಿನ್ನೂ ಕೂಡಿಸಲಾರದು. ಆರ್ಡೋರ್ ರೂಢಿಯಾಗಿ 32 ಬಿಟ್ ರೂಪದಲ್ಲಿ ಉಳಿಸುವುದರಿಂದ ಒಂದು ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 11.5 ಎಂಬಿ ಜಾಗ ಬೇಕಾಗುತ್ತದೆ. ಪ್ರತಿ ಸಲ ಹಾಡುವಾಗಲೂ ಹೊಸ ಪ್ಲೇಲಿಸ್ಟ್ (ಅದೇ ಟ್ರ್ಯಾಕಿನ ಮತ್ತೊಂದು ಪದರ) ತೆರೆದು ಹಳೆಯದನ್ನು ಅಳಿಸದೆ ಇಟ್ಟುಕೊಂಡೆವು. ಅವಳಿಗೆ ತನ್ನ ದನಿ ತಡವಿಲ್ಲದೆ ಕೇಳಲೆಂದು ಇಂಟರ್‌ಫೇಸಿನಲ್ಲಿಯೇ ಇರುವ ನೇರ ಆಲಿಕೆಯ ಗುಂಡಿಯನ್ನು ಒತ್ತಿದ್ದೆವು. ಅಂಥ ಗುಂಡಿ ಇರುವ ಕಡೆ ಬಫರನ್ನು 256ಕ್ಕೆ ಏರಿಸಿದರೂ ನಡೆಯುತ್ತದೆ. ತಾಳಕ್ಕಾಗಿ ಹೆಡ್‌ಫೋನಿನಲ್ಲಿ ಮೃದಂಗವನ್ನೇ ಕೇಳಿಸಿದೆವು. ಆರ್ಡೋರ್‌ನ ಕ್ಲಿಕ್ ಸದ್ದು ಏಳು ಅಕ್ಷರಗಳಲ್ಲಿ ಮೊದಲನೆಯದಕ್ಕೆ ಮಾತ್ರ ಒತ್ತು ಕೊಡುವುದರಿಂದ ಛಾಪಿನ ನಡೆ ಅದರಲ್ಲಿ ಕಾಣುವುದಿಲ್ಲ.

ಮಿಶ್ರಣ

ಇದರ ಬಗ್ಗೆ ಪುಟಗಟ್ಟಲೆ ಬರೆಯುವವರಿದ್ದಾರೆ, ನಾವು ಮಾಡಿದ್ದು ಸ್ವಲ್ಪವೇ. ಅವಳು ಮುಟ್ಟಿದ ಅತಿ ಕೆಳಗಿನ ಸ್ವರ ಮಂದ್ರ ಪಂಚಮ, 147 ಹರ್ಟ್ಸ್. ಹೀಗಾಗಿ ಎಲ್‌ಎಸ್‌ಪಿ ಎಂಬ ಪ್ಲಗಿನ್ ಸರಣಿಯ, ಆಯ್ದ ಆವರ್ತನಗಳನ್ನು ಏರಿಸಿ ಇಳಿಸುವ ಈಕ್ವಲೈಜರಿನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನೆಲ್ಲ ಧೈರ್ಯವಾಗಿ ಕತ್ತರಿಸಿದೆವು, ಅಲ್ಲಿದ್ದದ್ದು ನೆಲದ ಅದುರು ಮತ್ತು ದೂರದ ವಾಹನಗಳ ಗುಡುಗು ಮಾತ್ರ. ಮೃದಂಗದ ತೊಂಕಾರವೂ ಕಂಠವೂ ಒಂದರ ಮೇಲೊಂದು ಬೀಳುತ್ತಿದ್ದ 300 ಹರ್ಟ್ಸ್ ಆಸುಪಾಸಿನಲ್ಲಿ ಮೃದಂಗವನ್ನು 3 ಡೆಸಿಬೆಲ್ ತಗ್ಗಿಸಿದಾಗ ಸಾಹಿತ್ಯ ಸ್ಪಷ್ಟವಾಯಿತು. ವಚನದಲ್ಲಿ ಮಾತೇ ಮುಖ್ಯ, ಅಂಕಿತದ ಕೊನೆಯ ಅಕ್ಷರವೂ ಅಳಿಯದೆ ಕೇಳಬೇಕು. ಜೋರಾದ ದನಿಯನ್ನು ತಗ್ಗಿಸುವ ಕಂಪ್ರೆಸರ್ ಆರ್ಡೋರ್‌ನದೇ, 3:1ರ ಪ್ರಮಾಣದಲ್ಲಿ, ಏರುದನಿಯಲ್ಲಿ ಮಾತ್ರ 3ರಿಂದ 4 ಡೆಸಿಬೆಲ್ ತಗ್ಗುವಷ್ಟು. ಮಾರ್ದನಿಗೆ ಡ್ರ್ಯಾಗನ್‌ಫ್ಲೈ ಹಾಲ್ ಎಂಬ ಪ್ಲಗಿನನ್ನು ಪ್ರತ್ಯೇಕ ಬಸ್ಸಿನಲ್ಲಿ (ಹಲವು ಟ್ರ್ಯಾಕ್‌ಗಳ ದನಿ ಬಂದು ಸೇರುವ ಸಾಲಿನಲ್ಲಿ) ಒಂದೇ ಒಂದು ಸಲ ಹಾಕಿ, ಕಂಠ ಮತ್ತು ಮೃದಂಗ ಎರಡನ್ನೂ ಬೇಕಾದಷ್ಟು ಅದಕ್ಕೆ ಕಳುಹಿಸಿದೆವು. ಪ್ರತಿ ಟ್ರ್ಯಾಕಿಗೂ ಒಂದೊಂದು ಮಾರ್ದನಿ ಹಾಕಿದರೆ ಹಳೆಯ ಪ್ರೊಸೆಸರ್ ಬಳಲುತ್ತದೆ, ಕೇಳುವವರಿಗೂ ಇಬ್ಬರು ಬೇರೆ ಬೇರೆ ಕೋಣೆಗಳಲ್ಲಿ ಕುಳಿತಂತೆ ಅನ್ನಿಸುತ್ತದೆ. ಈ ಹಂತದಲ್ಲಿ ಬಫರನ್ನು 1,024ಕ್ಕೆ ಏರಿಸಿಕೊಳ್ಳುವುದು ಕ್ಷೇಮ.

ಫೋನಿನಲ್ಲಿ ಕೇಳಿ ನೋಡಿದಾಗ ತೊಂಕಾರ ಪೂರ್ತಿ ಕಾಣೆಯಾಗಿತ್ತು. ಫೋನಿನ ಪುಟ್ಟ ಸ್ಪೀಕರ್ ಅಷ್ಟು ಕೆಳಗಿನ ಆವರ್ತನಗಳನ್ನು ಬಹುತೇಕ ಹೊರಡಿಸುವುದೇ ಇಲ್ಲ. ಎಡಮುಖದ ಟ್ರ್ಯಾಕಿಗೆ ಲಘುವಾಗಿ ಸ್ಯಾಚುರೇಷನ್ (ದನಿಯನ್ನು ತುಸು ಒರಟಾಗಿಸುವ ಪರಿಣಾಮ) ಕೊಟ್ಟು ಮೇಲಿನ ಅನುಸ್ವರಗಳನ್ನು ಎಬ್ಬಿಸಿದ ಮೇಲೆ ಫೋನಿನಲ್ಲಿಯೂ ಪೆಟ್ಟು ಎಲ್ಲಿ ಬಿತ್ತೆಂಬುದು ತಿಳಿಯುವಂತಾಯಿತು. ಕೊನೆಗೆ ಆರ್ಡೋರ್‌ನ ರಫ್ತು ಕಿಟಕಿಯಲ್ಲಿ ಸರಾಸರಿ ಗಟ್ಟಿತನವನ್ನು ಎಲ್‌ಯುಎಫ್‌ಎಸ್ ಎಂಬ ಅಳತೆಯಲ್ಲಿ ಮೈನಸ್ 14ಕ್ಕೂ ಶಿಖರವನ್ನು ಮೈನಸ್ 1 ಡೆಸಿಬೆಲ್‌ಗೂ ಹೊಂದಿಸಿ, ಕಾಪಿಡಲು ಗುಣಮಟ್ಟ ಕುಂದದ ಫ್ಲ್ಯಾಕ್ ರೂಪದಲ್ಲಿಯೂ ಹಂಚಲು ಎಂಪಿ3 ರೂಪದಲ್ಲಿಯೂ ಹೊರತೆಗೆದೆವು.

ಕಡತಗಳನ್ನು ಕಾಪಿಟ್ಟ ಕ್ರಮ

ಇಡೀ ಕೆಲಸದ ಕೋಶವನ್ನು ಹಾಗೆಯೇ ಹೊರಗಿನ ಡಿಸ್ಕಿಗೆ ನಕಲು ಮಾಡಿದ್ದಲ್ಲದೆ, ಪ್ರತಿ ಟ್ರ್ಯಾಕನ್ನೂ ಹಾಡಿನ ಮೊದಲ ಕ್ಷಣದಿಂದ ಕೊನೆಯವರೆಗೆ ಒಂದೇ ಉದ್ದದ ವೇವ್ ಕಡತವಾಗಿ ಹೊರತೆಗೆದು ಪಕ್ಕದಲ್ಲಿ ಇಟ್ಟೆವು. ಇವನ್ನು ಯಾವ ತಂತ್ರಾಂಶದಲ್ಲಿಯಾದರೂ ಸೊನ್ನೆಯಿಂದ ಸಾಲಾಗಿ ಜೋಡಿಸಿದರೆ ಹಾಡು ಮತ್ತೆ ನಿಲ್ಲುತ್ತದೆ. ಶ್ರುತಿಯ ಎರಡು ಪಠ್ಯಕಡತಗಳು, ಸರ್ಜ್‌ನಲ್ಲಿ ಕಟ್ಟಿದ ತಂಬೂರಿಯ ಪ್ಯಾಚ್ (ಹೊಂದಾಣಿಕೆಗಳ ಕಡತ), ಬಳಸಿದ ತಂತ್ರಾಂಶಗಳ ಹೆಸರು ಮತ್ತು ಆವೃತ್ತಿ ಸಂಖ್ಯೆಗಳ ಪಟ್ಟಿ ಕೂಡ ಅದೇ ಕೋಶದಲ್ಲಿವೆ.

ಮೃದಂಗದ ಸೊಲ್ಲುಗಳ ಕಡತಗಳನ್ನು, ನುಡಿಸಿದ ಹುಡುಗನ ಒಪ್ಪಿಗೆ ಬರವಣಿಗೆಯಲ್ಲಿ ಪಡೆದ ಮೇಲೆ, ಯಾರು ಬೇಕಾದರೂ ಬಳಸಬಹುದಾದ ಸಿಸಿ0 ಪರವಾನಗಿಯಡಿ ಫ್ರೀಸೌಂಡ್ ತಾಣಕ್ಕೆ ಏರಿಸಬೇಕೆಂದಿದ್ದೇವೆ. ಬಾರ್ಸಿಲೋನಾದ ವಿಶ್ವವಿದ್ಯಾಲಯವೊಂದು 2005ರಿಂದ ನಡೆಸುತ್ತಿರುವ ಆ ಸಂಗ್ರಹದಿಂದ ಧ್ವನಿ ಇಳಿಸಿಕೊಳ್ಳುವವರು ಮಾತ್ರ ಪ್ರತಿ ಕಡತದ ಪರವಾನಗಿಯನ್ನೂ ಓದಿಕೊಳ್ಳಬೇಕು, ಕೆಲವಕ್ಕೆ ಕರ್ತೃವಿನ ಹೆಸರು ಹೇಳುವುದು ಕಡ್ಡಾಯ, ಕೆಲವನ್ನು ವಾಣಿಜ್ಯಕ್ಕೆ ಬಳಸುವಂತಿಲ್ಲ. ಸದ್ಯಕ್ಕೆ ನಮ್ಮಲ್ಲಿರುವುದು ಬಿಳಿ ಐದರ ಸೊಲ್ಲುಗಳು ಮಾತ್ರ. ಗಂಡಸರ ಕಂಠಕ್ಕೆ ಹೊಂದುವಂತೆ ಬಿಳಿ ಒಂದು ಮತ್ತು ಕಪ್ಪು ಒಂದರಲ್ಲಿಯೂ ಅದೇ ಸೊಲ್ಲುಗಳನ್ನು ಮುದ್ರಿಸಿ, ಚಾಪು ಮತ್ತು ಗುಮಕಿಗಳನ್ನು ಸೇರಿಸಿದ ಮೇಲೆ ಒಟ್ಟಿಗೇ ಏರಿಸಲಿದ್ದೇವೆ.